ತಳದಿಂದೆದ್ದ ಬ್ಲೂಸ್

2019ರ ಜನವರಿ 3ರ ಬೆಳಿಗ್ಗೆ ಸೇಂಟ್ ಲೂಯಿಸ್ ಬ್ಲೂಸ್ ತಂಡ ಎನ್‌ಎಚ್‌ಎಲ್ ಲೀಗ್‌ನ ಪಟ್ಟಿಯ ಕಟ್ಟಕಡೆಯಲ್ಲಿತ್ತು. ಜೂನ್ 12ರ ರಾತ್ರಿ ಐಸ್ ಹಾಕಿಯ ಸ್ಟ್ಯಾನ್ಲಿ ಕಪ್ ಎತ್ತಿತು. 1967ರಲ್ಲಿ ಆಟಕ್ಕಿಳಿದ ತಂಡಕ್ಕೆ ಅದೇ ಮೊದಲ ಕಪ್. ಇದೆಲ್ಲ ಹೊಸ ಗೋಲ್‌ಕೀಪರ್ ಜೋರ್ಡನ್ ಬಿನ್ನಿಂಗ್ಟನ್ ಕೈಚಳಕ, ಉಳಿದದ್ದು ಅದೃಷ್ಟ ಎನ್ನುವವರಿದ್ದಾರೆ. ಬಾಸ್ಟನ್‌ನಲ್ಲಿ ನಡೆದ ಫೈನಲ್‌ನ ಏಳನೇ ಪಂದ್ಯದ ಮೊದಲ ಅವಧಿಯಲ್ಲಿ ಎದುರಾಳಿಗಳ 12 ಹೊಡೆತಗಳನ್ನೂ ಅವರು ತಡೆದದ್ದು ನಿಜ. ಆದರೆ ಅದೇ ಅವಧಿಯಲ್ಲಿ ನಾಲ್ಕೇ ಹೊಡೆತಗಳಿಂದ ಎರಡು ಗೋಲು ತೆಗೆದವರು ಬ್ಲೂಸ್‌ನ ಓರೈಲಿ ಮತ್ತು ಪಿಯೆಟ್ರಾಂಜೆಲೊ. ಎರಡನೆಯದು ಬಂದಾಗ ಉಳಿದಿದ್ದುದು 8 ಸೆಕೆಂಡ್. ಅದೃಷ್ಟದ ಮಾತೇ? ಫೈನಲ್‌ಗೂ ಮುಂಚಿನ ಸರಣಿಯಲ್ಲಿ ಸ್ಯಾನ್ ಹೋಸೆ ವಿರುದ್ಧದ ಮೂರನೇ ಪಂದ್ಯವನ್ನು, ರೆಫರಿಗಳ ಕಣ್ಣು ತಪ್ಪಿದ ಎದುರಾಳಿಗಳ ಒಂದು ಅಕ್ರಮ ಕೈಪಾಸ್‌ನಿಂದ ಬ್ಲೂಸ್ ಆಟಗಾರರು ಹೆಚ್ಚುವರಿ ಅವಧಿಯಲ್ಲಿ ಕಳೆದುಕೊಂಡಿದ್ದರು. ಕೋಚ್ ಕ್ರೇಗ್ ಬೆರೂಬೆಯ ಹುಡುಗರು ಆ ಅನ್ಯಾಯವನ್ನೇ ಹಿಡಿದು ಕೂರಲಿಲ್ಲ. ಆ ಸರಣಿಯ ಮುಂದಿನ ಮೂರೂ ಪಂದ್ಯ ಗೆದ್ದರು. ನನಗೆ ಕಪ್ಪಿಗಿಂತ ಹಿರಿದಾಗಿ ಕಾಣುವುದು ಆ ಮೂರು ಗೆಲುವುಗಳೇ.