ಗಾಳಿ ಮಗ್ಗದ ಸಾಕ್ಷಿ: ಹಾಸ್ಲಂ ಬರೆದ ಪುಸ್ತಕವನ್ನು ಕಾಸರಗೋಡಿನಲ್ಲಿ ಕೂತು ಓದುವುದು

(ಗಡಿನಾಡ ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಲಾಗಿದೆ. ಕೊನೆಯಲ್ಲಿ ಚರ್ಚೆಯ ಒಂದು ಭಾಗವಿದೆ.)

ನನ್ನ ಸ್ವರ ಕೇಳಿಸ್ತಾ ಉಂಟು ಅಂದುಕೊಳ್ತೇನೆ. ಇಲ್ಲಿ ಜೋರು ಮಳೆ, ಕರೆಂಟು ಹೋದರೆ ಫೋನಿನಲ್ಲಿ ಮುಂದುವರಿಸ್ತೇನೆ.

ನಾನು ಇವತ್ತು ಎತ್ತಿಕೊಂಡದ್ದು 1810ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಸ್ತಕ, 'ಇಲ್ಲಸ್ಟ್ರೇಶನ್ಸ್ ಆಫ್ ಮ್ಯಾಡ್‌ನೆಸ್'. ಬರೆದವರು ಜಾನ್ ಹಾಸ್ಲಂ. ಬೆತ್ಲೆಂ ಹುಚ್ಚಾಸ್ಪತ್ರೆಯಲ್ಲಿ ಔಷಧದ ಜವಾಬ್ದಾರಿ ಹೊತ್ತಿದ್ದ ಅಧಿಕಾರಿ. ಪುಸ್ತಕ ಪೂರ್ತಿ ಒಬ್ಬನೇ ರೋಗಿಯ ಬಗ್ಗೆ: ಜೇಮ್ಸ್ ಟಿಲಿ ಮ್ಯಾಥ್ಯೂಸ್. ಸರ್ಕಾರವೋ ಯಾವುದೋ ಗುಪ್ತ ತಂಡವೋ ಯಂತ್ರದ ಮೂಲಕ ತನ್ನ ಮನಸ್ಸನ್ನು ಆಡಿಸ್ತಾ ಉಂಟು, ತನ್ನ ಬೆನ್ನು ಹಿಡಿದುಂಟು ಎಂಬ ನಂಬಿಕೆಗೆ ಸಿಕ್ಕಿರುವ ಮೊದಲ ವಿವರವಾದ ದಾಖಲೆಗಳಲ್ಲಿ ಇದು ಒಂದು. ಇವತ್ತಿಗೂ ಅಂಥ ನಂಬಿಕೆಯ ಜನ ಎಲ್ಲ ಕಡೆ ಇದ್ದಾರೆ. ಯಂತ್ರದ ಹೆಸರು ಮಾತ್ರ ಬದಲಾಗಿದೆ.

ಇದನ್ನು ವೈದ್ಯಕೀಯದ ಪುಸ್ತಕ ಅಂತ ಓದುವವರು ಬೇಕಾದಷ್ಟು ಜನ ಇದ್ದಾರೆ. ನಾನು ಸಾಹಿತ್ಯದ ವಿದ್ಯಾರ್ಥಿ. ನನ್ನ ಪ್ರಶ್ನೆ ಬೇರೆ: ಈ ಪುಸ್ತಕ ಏನನ್ನು ಸಾಬೀತು ಮಾಡಲಿಕ್ಕೆ ಹೊರಟಿತು, ಮತ್ತು ನಿಜವಾಗಿ ಏನನ್ನು ಸಾಬೀತು ಮಾಡಿತು? ಎರಡೂ ಒಂದೇ ಅಲ್ಲ ಅನ್ನುವುದು ನನ್ನ ವಾದ.

ಮನುಷ್ಯ ಮತ್ತು ಯಂತ್ರ

ಮೊದಲು ಸಂಗತಿ ಹೇಳ್ತೇನೆ. ಮ್ಯಾಥ್ಯೂಸ್ ಲಂಡನ್ನಿನ ಚಹಾ ವ್ಯಾಪಾರದಲ್ಲಿದ್ದವರು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಎರಡು ದೇಶಗಳ ನಡುವೆ ಯುದ್ಧ ತಪ್ಪಿಸಬೇಕು ಅಂತ ಪ್ಯಾರಿಸ್ಸಿಗೂ ಲಂಡನ್ನಿಗೂ ಓಡಾಡಿದರು. 1793ರಲ್ಲಿ ಅಲ್ಲಿ ಸೆರೆಯಾದರು, 1796ರ ತನಕ ಬಿಡುಗಡೆ ಇಲ್ಲ. ಊರಿಗೆ ಬಂದ ಮೇಲೆ ಮಂತ್ರಿಗಳಿಗೆ ಪತ್ರದ ಮೇಲೆ ಪತ್ರ. ಆ ವರ್ಷದ ಡಿಸೆಂಬರದಲ್ಲಿ ಕಾಮನ್ಸ್ ಸಭೆಯ ಗ್ಯಾಲರಿಯಿಂದ 'ದ್ರೋಹ' ಎಂದು ಕೂಗಿದರು. 1797ರ ಜನವರಿಯಲ್ಲಿ ಬೆತ್ಲೆಂ ಸೇರಿದರು. ಮರುವರ್ಷ ಅವರನ್ನು ಗುಣವಾಗದವರ ವಾರ್ಡಿಗೆ ಹಾಕಿದರು.

ಅವರ ನಂಬಿಕೆ ಹೀಗೆ. ಲಂಡನ್ ಗೋಡೆಯ ಹತ್ತಿರ ಒಂದು ನೆಲಮಾಳಿಗೆಯಲ್ಲಿ ಏಳು ಜನರ ತಂಡ. ಅವರ ಕೈಯಲ್ಲಿ 'ಏರ್ ಲೂಮ್', ಗಾಳಿ ಮಗ್ಗ. ಪೀಪಾಯಿಗಳಲ್ಲಿ ಗಬ್ಬು ನಾರುವ ಅನಿಲಗಳು. ಆ ಅನಿಲ, ಆಯಸ್ಕಾಂತದ ಸೆಳೆತ ಎರಡನ್ನೂ ನೇಯ್ದು ದೂರದಿಂದಲೇ ಮನುಷ್ಯನ ಮೈಗೂ ಮನಸ್ಸಿಗೂ ಹರಿಸ್ತಾರೆ. ಯಂತ್ರ ಆಕಾಶದಿಂದ ಬಿದ್ದದ್ದಲ್ಲ, ನೋಡಿ. ಆಗ ಪ್ರೀಸ್ಟ್ಲಿ ಮೊದಲಾದವರ ಅನಿಲ ವಿಜ್ಞಾನ ಹೊಸದು. ಪ್ಯಾರಿಸ್ಸಿನಲ್ಲಿ ಮೆಸ್ಮರ್ ಎಂಬವರ 'ಪ್ರಾಣಿ ಆಯಸ್ಕಾಂತ'ದ ಗಲಾಟೆ ಆಗಿಹೋಗಿತ್ತು. ಇಂಗ್ಲೆಂಡಿನಲ್ಲಿ ಮಗ್ಗಗಳ ಕಾಲ. 1919ರಲ್ಲಿ ವಿಯೆನ್ನಾದ ವಿಕ್ಟರ್ ಟೌಸ್ಕ್ ಇಂಥ 'ಪ್ರಭಾವ ಬೀರುವ ಯಂತ್ರ'ಗಳ ಬಗ್ಗೆ ಬರೆಯುವಾಗ ಹೇಳಿದ್ದೂ ಇದನ್ನೇ: ರೋಗಿ ತನ್ನ ಕಾಲದ ತಂತ್ರಜ್ಞಾನದಲ್ಲಿ ಗೊತ್ತಿರುವುದನ್ನೆಲ್ಲ ಸೇರಿಸಿ ತನ್ನ ಅನುಭವಕ್ಕೆ ಕಾರಣ ಕಟ್ಟಿಕೊಳ್ತಾನೆ. ಆಮೇಲೆ ರೇಡಿಯೋ ಬಂತು, ಉಪಗ್ರಹ ಬಂತು, ಚಿಪ್ ಬಂತು. ನಮ್ಮ ಕಡೆಯಾದರೆ ಮೊದಲು ಕೈವಿಷ, ಮಾಟ. ಈಗ ಮೊಬೈಲ್ ಟವರ್.

ಮ್ಯಾಥ್ಯೂಸ್ ಹಿಂಸೆಗಳಿಗೆಲ್ಲ ಹೆಸರಿಟ್ಟಿದ್ದಾರೆ. ಅದರಲ್ಲಿ ಎರಡು ಹೇಳ್ತೇನೆ. ಒಂದು, 'ಗಾಳಿಪಟ ಏರಿಸುವುದು': ಒಂದು ಯೋಚನೆಯನ್ನು ತಲೆಯೊಳಗೆ ಹಾರಿಸಿಬಿಡ್ತಾರೆ, ಗಂಟೆಗಟ್ಟಲೆ ಅದು ಅಲ್ಲೇ ತೇಲ್ತಾ ಇರ್ತದೆ, ಎಷ್ಟು ಹೆಣಗಿದರೂ ಇಳಿಯುವುದಿಲ್ಲ. ನಿದ್ದೆ ಬಾರದ ರಾತ್ರಿ ಕಳೆದ ಯಾರಿಗಾದರೂ ಇದು ಗೊತ್ತುಂಟು. ಎರಡು, 'ಮೆದುಳು ಉದ್ದ ಮಾಡುವುದು': ವಕ್ರ ಕನ್ನಡಿಯಲ್ಲಿ ಮುಖ ಉದ್ದ ಕಾಣುವ ಹಾಗೆ ಮನಸ್ಸಿನಲ್ಲಿರುವುದನ್ನು ತಿರುಚಿಬಿಡ್ತಾರೆ. ತುಂಬಾ ಗಂಭೀರವಾದ ವಿಷಯ ಕೂಡ ನಗೆಪಾಟಲಾಗಿ ಕಾಣ್ತದೆ.

ಪುಸ್ತಕ ಯಾಕೆ ಬಂತು

1809ರಲ್ಲಿ ಮನೆಯವರು ಅವರನ್ನು ಬಿಡಿಸಲಿಕ್ಕೆ ಕೋರ್ಟಿಗೆ ಹೋದರು, ಹೇಬಿಯಸ್ ಕಾರ್ಪಸ್. ಕ್ಲಟರ್‌ಬಕ್ ಮತ್ತು ಬರ್ಕ್‌ಬೆಕ್ ಅಂತ ಇಬ್ಬರು ವೈದ್ಯರು ಪರೀಕ್ಷಿಸಿ, ಈ ಮನುಷ್ಯನಿಗೆ ಹುಚ್ಚಿಲ್ಲ ಅಂದರು. ಆಸ್ಪತ್ರೆ ಒಪ್ಪಲಿಲ್ಲ, ಕೋರ್ಟು ಬಿಡಲಿಲ್ಲ. ಮರುವರ್ಷ ಹಾಸ್ಲಂ ಪುಸ್ತಕ ಬಂತು. ಅಂದರೆ ಇದು ವಾದದ ಪುಸ್ತಕ, ಆ ಇಬ್ಬರಿಗೆ ಉತ್ತರ. ವೈದ್ಯರ ಅಭಿಪ್ರಾಯಭೇದದ ಮಾತು ಪುಸ್ತಕದ ಉದ್ದ ತಲೆಬರಹದಲ್ಲೇ ಉಂಟು.

ಹಾಸ್ಲಂ ಮಾಡಿದ ಉಪಾಯ ಸರಳ. ತಾವು ಹೆಚ್ಚು ವಾದ ಮಾಡುವುದಿಲ್ಲ. ಮ್ಯಾಥ್ಯೂಸರ ಮಾತನ್ನೇ ಪುಟಗಟ್ಟಲೆ ಬಿಚ್ಚಿಡ್ತಾರೆ, ಅವರೇ ಬಿಡಿಸಿದ ಯಂತ್ರದ ಚಿತ್ರವನ್ನೂ ಅಚ್ಚು ಹಾಕಿಸ್ತಾರೆ. ನಡುನಡುವೆ ಒಂದು ಸಣ್ಣ ವ್ಯಂಗ್ಯ. ಓದುಗ ನಗಬೇಕು, ನಕ್ಕ ಮೇಲೆ ತೀರ್ಪು ತಾನಾಗಿ ಬರ್ತದೆ. ನನಗೆ ಇಲ್ಲಿ ಪುಸ್ತಕ ತನ್ನ ಮೇಲೇ ಸಾಕ್ಷಿ ಹೇಳಿದ ಹಾಗೆ ಕಾಣ್ತದೆ. ಗಂಭೀರವಾದದ್ದನ್ನು ನಗೆಪಾಟಲು ಮಾಡುವ ಯಂತ್ರ ಅಂತ ಮ್ಯಾಥ್ಯೂಸ್ ಯಾವುದನ್ನು ಹೇಳಿದರೋ ಆ ಕೆಲಸವನ್ನು ಹಾಸ್ಲಂ ಗದ್ಯ ಮಾಡ್ತದೆ. ಏಳು ಜನರ ತಂಡದಲ್ಲಿ ಎಲ್ಲವನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಒಬ್ಬ 'ಮೇಷ್ಟ್ರು ಜಾಕ್' ಇದ್ದಾನೆ. ಆಸ್ಪತ್ರೆಯೊಳಗೆ ಪೆನ್ನು ಹಿಡಿದು ಬರೆದುಕೊಳ್ತಾ ಇದ್ದವರು ಯಾರು? ಇದು ನನ್ನ ಓದು, ಯಾರೂ ಒಪ್ಪಲೇಬೇಕು ಅಂತ ಇಲ್ಲ.

ಆದರೆ ಒಂದು ನೇರವಾಗಿ ಹೇಳ್ತೇನೆ: ಯಂತ್ರದ ವಿಷಯದಲ್ಲಿ ಹಾಸ್ಲಂ ಸರಿ. ಗಾಳಿ ಮಗ್ಗ ಇರಲಿಲ್ಲ. ಮ್ಯಾಥ್ಯೂಸ್ ಭ್ರಾಂತಿಯಲ್ಲಿದ್ದರು. ಪುಸ್ತಕ ಸಾಬೀತು ಮಾಡಿದ್ದು ಅಷ್ಟನ್ನೇ. ಆದ್ದರಿಂದ ಈ ಮನುಷ್ಯನನ್ನು ಜೀವಮಾನವಿಡೀ ಕೂಡಿಹಾಕಬೇಕು ಎಂಬ ಮಾತು ಅದರಿಂದ ಬರುವುದಿಲ್ಲ. ಅದೇ 1810ರ ಸುಮಾರಿಗೆ ಬೆತ್ಲೆಂನ ಹೊಸ ಕಟ್ಟಡಕ್ಕೆ ನಕ್ಷೆಯ ಸ್ಪರ್ಧೆ ಕರೆದರು. ಒಳಗಿದ್ದ ಮ್ಯಾಥ್ಯೂಸ್ ನಕ್ಷೆ ಕಳಿಸಿದರು. ಆಸ್ಪತ್ರೆಯವರು ಅದಕ್ಕೆ 30 ಪೌಂಡು ಕೊಟ್ಟರು! ನಕ್ಷೆಗೆ ಹಣ ಕೊಡಬಹುದು, ಬಿಡುಗಡೆ ಕೊಡಲಿಕ್ಕಾಗುವುದಿಲ್ಲ. ಕೊನೆಗೆ 1814ರಲ್ಲಿ ಹ್ಯಾಕ್ನಿಯ ಒಂದು ಖಾಸಗಿ ಆಶ್ರಯಕ್ಕೆ ಹೋದರು. ಅಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದರು. 1815ರಲ್ಲಿ ತೀರಿಕೊಂಡರು. ಅದೇ ವರ್ಷ ಪಾರ್ಲಿಮೆಂಟಿನ ಸಮಿತಿ ಹುಚ್ಚಾಸ್ಪತ್ರೆಗಳ ತನಿಖೆ ಮಾಡಿತು. 1816ರಲ್ಲಿ ಹಾಸ್ಲಂ ಕೆಲಸ ಕಳೆದುಕೊಂಡರು.

ಎದುರು ಬದಿಯ ತಪ್ಪು

ಈಗ ನಮ್ಮ ಕಾಲದ ವಿಮರ್ಶೆಯ ತಪ್ಪಿಗೆ ಬರ್ತೇನೆ. ಪ್ರಭುತ್ವದ ಬಗ್ಗೆ ನಾಲ್ಕು ಪುಸ್ತಕ ಓದಿದ ನಾವು ಮ್ಯಾಥ್ಯೂಸರನ್ನು ಪ್ರವಾದಿ ಮಾಡ್ತೇವೆ. 'ಅವರು ಹುಚ್ಚರಲ್ಲ, ಅಧಿಕಾರದ ಸತ್ಯ ಕಂಡವರು' ಅಂತ. ಇದಕ್ಕೆ ಆಧಾರವೂ ಸಿಗ್ತದೆ. ಅಮೆರಿಕದ ಸಿ.ಐ.ಎ. 1953ರಲ್ಲಿ ಎಂ.ಕೆ. ಅಲ್ಟ್ರಾ ಎಂಬ ಯೋಜನೆ ಶುರು ಮಾಡಿ, ಗೊತ್ತಿಲ್ಲದವರಿಗೂ ಎಲ್.ಎಸ್.ಡಿ. ಕೊಟ್ಟದ್ದು ನಿಜ. 1973ರಲ್ಲಿ ಕಡತ ನಾಶಮಾಡಲಿಕ್ಕೆ ಹೇಳಿದ್ದೂ ನಿಜ. ಪೂರ್ವ ಜರ್ಮನಿಯ ಸ್ಟಾಸಿ ಪೊಲೀಸರು, 1976ರ ಲಿಖಿತ ನಿರ್ದೇಶನದ ಪ್ರಕಾರವೇ, ಜನರ ಸ್ನೇಹ, ಕೆಲಸ, ಆತ್ಮವಿಶ್ವಾಸ ಎಲ್ಲವನ್ನೂ ಒಳಗಿಂದ ಮುರಿಯುವ ಕೆಲಸ ಮಾಡಿದರು. ಗುಂಪು ಕಟ್ಟಿ ಬೆನ್ನು ಹಿಡಿಯುವುದು ಅಂದರೆ ಅದೇ ಅಲ್ವಾ?

ದೂರ ಯಾಕೆ, ನಮ್ಮ ಜಿಲ್ಲೆಯನ್ನೇ ನೋಡಿ. ಎಣ್ಮಕಜೆಯ ಪಡ್ರೆ, ಸ್ವರ್ಗ. ಸರ್ಕಾರಿ ನಿಗಮದ ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮಕ್ಕಳ ಕಾಯಿಲೆ ಕಂಡು ದೈವದ ಮುನಿಸು ಅಂದವರಿದ್ದರು. ಇದು ಗಾಳಿಯಲ್ಲಿ ಬಂದ ವಿಷ ಅಂದವರನ್ನು ಬಹಳ ಕಾಲ ಯಾರೂ ಕೇಳಲಿಲ್ಲ. ಹಾಗಾಗಿ 'ಸರ್ಕಾರ ಗಾಳಿಯಲ್ಲಿ ವಿಷ ಬಿಡ್ತಾ ಉಂಟು' ಅಂತ ಯಾರಾದರೂ ಅಂದರೆ ಕಾಸರಗೋಡಿನವರು ಬೇರೆಯವರ ಹಾಗೆ ಸುಲಭದಲ್ಲಿ ನಗಲಿಕ್ಕೆ ಬರುವುದಿಲ್ಲ.

ಆದರೆ ಎರಡೂ ಒಂದೇ ಅಲ್ಲ. ವ್ಯತ್ಯಾಸ ಎಲ್ಲಿ ಅಂದರೆ, ಹೆಲಿಕಾಪ್ಟರನ್ನು ಎಲ್ಲರೂ ನೋಡಿದ್ದಾರೆ. ವೈದ್ಯರು, ಪತ್ರಕರ್ತರು, ನೆರೆಕರೆಯವರು ಮನೆಮನೆಯ ಸಂಕಟವನ್ನು ಲೆಕ್ಕ ಹಾಕಿದರು. ದೂರು ಕೋರ್ಟಿನಲ್ಲಿ ಪರೀಕ್ಷೆಗೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟಿನ ನಿಷೇಧ ಬಂತು. ಎಂ.ಕೆ. ಅಲ್ಟ್ರಾದಲ್ಲಿ ನಾಶದಿಂದ ತಪ್ಪಿಸಿಕೊಂಡ ಹಣಕಾಸಿನ ಕಾಗದ 1977ರಲ್ಲಿ ಹೊರಗೆ ಬಂತು. ಸ್ಟಾಸಿ ಕಡತಗಳನ್ನು 1992ರಿಂದ ಜನರೇ ಹೋಗಿ ಓದಿದರು. ನಿಜವಾದ ಪಿತೂರಿಗೆ ಖರ್ಚು ಉಂಟು, ಮಿತಿ ಉಂಟು, ಸೋಲೂ ಉಂಟು. ಎಂ.ಕೆ. ಅಲ್ಟ್ರಾ ಎಷ್ಟೋ ಜನರ ಬದುಕು ಹಾಳು ಮಾಡಿತು, ಆದರೆ ಮನುಷ್ಯನ ಮನಸ್ಸನ್ನು ದೂರದಿಂದ ನಡೆಸುವ ವಿದ್ಯೆ ಅದಕ್ಕೆ ಸಿಗಲಿಲ್ಲ. ಭ್ರಾಂತಿಯ ಪಿತೂರಿಗೆ ಸೋಲೇ ಇಲ್ಲ. ಸಾಕ್ಷಿ ಸಿಕ್ಕಿದರೆ ಅದು ಸಾಕ್ಷಿ, ಸಿಗದಿದ್ದರೆ ಅಡಗಿಸಿದ್ದಾರೆ ಎಂಬುದಕ್ಕೆ ಸಾಕ್ಷಿ. ದಾರಿಯಲ್ಲಿ ಕೆಮ್ಮಿದವನೂ ತಂಡದವನು, ಕೆಮ್ಮದೆ ಹೋದವನೂ ತಂಡದವನು.

2015ರಲ್ಲಿ ಶೆರಿಡನ್ ಮತ್ತು ಜೇಮ್ಸ್ ಎಂಬ ಸಂಶೋಧಕರು ಗುಂಪೊಂದು ತಮ್ಮ ಬೆನ್ನು ಹಿಡಿದಿದೆ ಅಂದ 128 ಜನರ ಹೇಳಿಕೆ ಪರಿಶೀಲಿಸಿದರು. ಎಲ್ಲವೂ ಭ್ರಾಂತಿ ಅಂತ ಕಂಡಿತು. ಆದರೆ ಖಿನ್ನತೆ, ಆಘಾತದ ಲಕ್ಷಣ, ಕೆಲಸ ಮತ್ತು ಸಂಬಂಧಗಳಿಗೆ ಆದ ಪೆಟ್ಟು ಇವರಲ್ಲಿ ಒಬ್ಬನೇ ವ್ಯಕ್ತಿಯಿಂದ ಕಾಟಕ್ಕೊಳಗಾದವರಿಗಿಂತ ಹೆಚ್ಚು. ಎರಡೂ ವಾಕ್ಯ ಒಟ್ಟಿಗೆ ಓದಬೇಕು. ಹಾಸ್ಲಂ ಮೊದಲನೆಯದನ್ನು ಮಾತ್ರ ಓದಿದರು. ಮ್ಯಾಥ್ಯೂಸರನ್ನು ಪ್ರವಾದಿ ಮಾಡುವವರು ಎರಡನೆಯದನ್ನು ಮಾತ್ರ ಓದ್ತಾರೆ. ಅದರಿಂದ ನರಳುವವರಿಗೆ ಉಪಕಾರ ಆಗುವುದಿಲ್ಲ, ನಿನ್ನ ಯಂತ್ರ ನಿಜ ಅಂತ ಇನ್ನೊಬ್ಬ ಸಾಕ್ಷಿ ಸಿಕ್ಕಿದ ಹಾಗೆ ಆಗ್ತದೆ.

ಎರಡನ್ನೂ ಒಟ್ಟಿಗೆ ಓದಿದ ಉದಾಹರಣೆ ಉಂಟು, ಅದೂ ಕೋರ್ಟಿನದ್ದು. ಜರ್ಮನಿಯ ನ್ಯಾಯಾಧೀಶ ಶ್ರೇಬರ್ ದೇವರ ಕಿರಣಗಳು ತನ್ನ ಮೈಯನ್ನು ಬದಲಾಯಿಸ್ತಾ ಇವೆ ಅಂತ ನಂಬಿದ್ದರು. 1902ರಲ್ಲಿ ಡ್ರೆಸ್ಡೆನ್ ಕೋರ್ಟು, ಈ ಮನುಷ್ಯನಿಗೆ ಕಾಯಿಲೆ ಉಂಟು, ಆದರೆ ತನ್ನ ವ್ಯವಹಾರ ನೋಡಿಕೊಳ್ಳುವ ಶಕ್ತಿಯೂ ಉಂಟು ಅಂತ ಹೇಳಿ ಪೋಷಕತ್ವ ತೆಗೆಯಿತು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆ ಕೂಡ ಕಾಯಿಲೆ ಬೇರೆ, ನಿರ್ಧಾರ ಮಾಡುವ ಸಾಮರ್ಥ್ಯ ಬೇರೆ ಅಂತಲೇ ನೋಡ್ತದೆ.

ಚರ್ಚೆಯಿಂದ

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ): ಪುಸ್ತಕದಲ್ಲಿ ಇದು ಸರಿ. ಆದ್ರೆ ಮನೆಯಲ್ಲೇ ಅಂಥವರು ಇದ್ದರೆ? 'ಹೌದು' ಅಂದರೂ ತಪ್ಪು, 'ಇಲ್ಲ' ಅಂದರೂ ಜಗಳ.

ಉತ್ತರ: ನಾನು ಡಾಕ್ಟರಲ್ಲ ಅಂತ ಮೊದಲೇ ಹೇಳ್ತೇನೆ. ನಮ್ಮ ನೆರೆಕರೆಯಲ್ಲಿ ಒಬ್ಬರು ಮಾವ ಇದ್ದರು, ರಿಟೈರಾದವರು. ಟವರಿನಿಂದ ತನ್ನ ಮಂಡೆಯೊಳಗೆ ಮಾತು ಬಿಡ್ತಾರೆ ಅಂತ ಹೇಳ್ತಿದ್ದರು. ಮನೆಯವರು ಪ್ರಶ್ನೆ ಇಡಿಸಿದರು, ಪರಿಹಾರ ಮಾಡಿಸಿದರು. ನಾನು ಕಾಲೇಜಿಗೆ ಹೋಗುವ ಹುಡುಗ, ವಾದ ಮಾಡಿ ಗೆಲ್ಲಲಿಕ್ಕೆ ನೋಡಿದೆ. ಒಂದು ದಿನ ಕೇಳಿದರು, 'ನಿನಗೆ ಕೇಳಿಸುದಿಲ್ವಾ ಮಗಾ?' ಅಂತ. ನಾನು ನಕ್ಕೆ. ಆಮೇಲೆ ಅವರು ನನ್ನ ಹತ್ತಿರ ಮಾತು ಬಿಟ್ಟರು. ನಾನೂ ಆ ತಂಡಕ್ಕೆ ಸೇರಿದೆ ಅಂತ ಕಾಣ್ತದೆ. ಈಗಾದರೆ ಹೀಗೆ ಹೇಳ್ತಿದ್ದೆ: 'ಇಲ್ಲ ಮಾವ, ನನಗೆ ಕೇಳಿಸುದಿಲ್ಲ. ಆದ್ರೆ ನಿಮಗೆ ಎಷ್ಟು ದಿನದಿಂದ ನಿದ್ದೆ ಇಲ್ಲ?' ಅದರ ನಂತರ ಡಾಕ್ಟರ ಹತ್ತಿರ ಒಟ್ಟಿಗೆ ಹೋಗುವ ಮಾತು ಎತ್ತಬಹುದಿತ್ತು. ಅವರು ಬರ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಹಾಸ್ಲಂ ಓದುವಾಗ ನನಗೆ ಸಿಟ್ಟು ಬರುವುದು ಆ ನಗೆಯನ್ನು ನಾನೂ ನಕ್ಕಿದ್ದೇನೆ ಅನ್ನುವ ಕಾರಣಕ್ಕೇ.

ಮುಂದಿನ ಪ್ರಶ್ನೆ ತೆಗೊಳ್ಳುವ.