ಕಮ್ಮಟ ಮುಚ್ಚಿದ ಮೇಲೆ

ಮುಂಬಯಿಯ ನಮ್ಮ ಹವ್ಯಾಸಿ ನಾಟಕಗಳನ್ನು ಕುರಿತು ಬಹಳ ವರ್ಷ ಬರೆದವನು ನಾನು. ಕೃತಿ, ನಿರ್ದೇಶನ, ಅಭಿನಯ, ಮಾತಿನ ಸ್ಪಷ್ಟತೆ ಇವನ್ನೆಲ್ಲ ತೂಗಿ ನೋಡಿದ್ದೇನೆ. ಬೆಳಕಿನವರ ಪಾಲಿಗೆ ಮಾತ್ರ ಕೊನೆಯಲ್ಲಿ ಒಂದು ವಾಕ್ಯ: 'ಬೆಳಕು ಹಿತಮಿತವಾಗಿತ್ತು.' ಆ ದಿನಗಳಲ್ಲಿ ನಮಗೆ ಬೆಳಕು ಒದಗಿಸುತ್ತಿದ್ದವರು ಗಿರಣಿಯೊಂದರ ಫಿಟ್ಟರ್. ಡಿಮ್ಮರ್ ಬಾಡಿಗೆಗೆ ತರಲು ಹಣವಿಲ್ಲದಾಗ ಅವರು ಉಪ್ಪಿನಕಾಯಿ ಭರಣಿಯಲ್ಲಿ ಉಪ್ಪುನೀರು ತುಂಬಿ, ಎರಡು ಲೋಹದ ತಗಡುಗಳನ್ನು ಅದರಲ್ಲಿ ಇಳಿಬಿಟ್ಟು, ಅವುಗಳ ಮೂಲಕ ದೀಪಕ್ಕೆ ವಿದ್ಯುತ್ತು ಹಾಯಿಸುತ್ತಿದ್ದರು. ಮೇಲಿನ ತಗಡನ್ನು ಕೆಳಗಿಳಿಸಿದಷ್ಟೂ ದೀಪ ಪ್ರಖರ, ಎತ್ತಿದಷ್ಟೂ ಮಂಕು. ಅಪಾಯದ ಉಪಾಯವೇ ಸರಿ. ಆದರೆ ಅವರು ತಂದ ಮುಸ್ಸಂಜೆಯನ್ನು ಮುಂದೆ ದುಬಾರಿ ಯಂತ್ರಗಳಲ್ಲಿಯೂ ನಾನು ಕಂಡಿಲ್ಲ. ಈಗ ಅವರಿಲ್ಲ. ಎಷ್ಟು ನೀರಿಗೆ ಎಷ್ಟು ಉಪ್ಪು ಎಂಬುದು ಅವರೊಂದಿಗೇ ಹೋಯಿತು.

ಇದನ್ನು ನೆನೆಯಲು ಕಾರಣವಿದೆ. ಇಂದು ದೊಡ್ಡ ನಗರಗಳಲ್ಲಿ 'ಹ್ಯಾಕರ್‌ಸ್ಪೇಸ್' ಎಂಬ ಸಮುದಾಯ ಕಮ್ಮಟಗಳು ಎದ್ದಿವೆ. ಹ್ಯಾಕರ್ ಎಂದೊಡನೆ ನಮಗೆ ಬ್ಯಾಂಕಿನ ಖಾತೆಗೆ ಕನ್ನ ಹಾಕುವವನ ನೆನಪಾಗುತ್ತದೆ. ಮೂಲದಲ್ಲಿ ಆ ಪದಕ್ಕೆ ಈ ಕಳಂಕವಿರಲಿಲ್ಲ. ಉಪಕರಣವನ್ನು ಬಿಚ್ಚಿ, ಒಳಗಿನ ಮರ್ಮ ತಿಳಿದು, ಮಾಡಿದಾತ ಎಣಿಸದಿದ್ದ ಕೆಲಸವನ್ನು ಅದರಿಂದ ಮಾಡಿಸುವವನೇ ಹ್ಯಾಕರ್. ವಿಯೆನ್ನಾದ ಮೆಟಾಲ್ಯಾಬ್ (2006), ಸ್ಯಾನ್ ಫ್ರಾನ್ಸಿಸ್ಕೋದ ನಾಯ್ಸ್‌ಬ್ರಿಜ್ (2007) ಇಂಥ ಜಾಗಗಳು. ಉಪಕರಣಗಳು ಎಲ್ಲರವು, ಬಲ್ಲವರು ಬಾರದವರಿಗೆ ಕಲಿಸುತ್ತಾರೆ. ಕಲಾವಿದ ಮತ್ತು ಇಂಜಿನಿಯರ್ ಒಂದೇ ಮೇಜಿಗೆ ಕೂರುತ್ತಾರೆ. ಇಂಥ ಕಮ್ಮಟದ ಫಲವನ್ನು ವಿಮರ್ಶಕನು ಯಾವುದರಿಂದ ಅಳೆಯಬೇಕು? ಅಲ್ಲಿ ಹುಟ್ಟಿದ ಕೃತಿಯಿಂದಲೇ, ಅಥವಾ ಕಮ್ಮಟ ಮುಚ್ಚಿದ ಮೇಲೆ ಉಳಿದದ್ದರಿಂದಲೇ?

ಈ ಬಗೆಯ ಸಹಕಾರಕ್ಕೆ ಹೆಸರಾಂತ ಉದಾಹರಣೆ ನ್ಯೂಯಾರ್ಕಿನದು. 1960ರಲ್ಲಿ ಜ್ಯಾಂ ಟಿಂಗ್ವೆಲಿ ಎಂಬ ಶಿಲ್ಪಿ ತನ್ನನ್ನು ತಾನೇ ನಾಶಮಾಡಿಕೊಳ್ಳುವ ಯಂತ್ರವೊಂದನ್ನು ಆಧುನಿಕ ಕಲಾ ಸಂಗ್ರಹಾಲಯದ ತೋಟದಲ್ಲಿ ನಿಲ್ಲಿಸಿದಾಗ, ಬೆಲ್ ಪ್ರಯೋಗಾಲಯದ ಇಂಜಿನಿಯರ್ ಬಿಲ್ಲಿ ಕ್ಲೂವರ್ ಅವರಿಗೆ ನೆರವಾದರು. 1966ರ ಅಕ್ಟೋಬರಿನಲ್ಲಿ ಅದೇ ಕ್ಲೂವರ್ 10 ಮಂದಿ ಕಲಾವಿದರನ್ನೂ ಸುಮಾರು 30 ಇಂಜಿನಿಯರರನ್ನೂ ಕೂಡಿಸಿ 'ಒಂಬತ್ತು ಸಂಜೆಗಳು' ಎಂಬ ಪ್ರದರ್ಶನಮಾಲೆಯನ್ನು ನಡೆಸಿದರು. ಅದರಲ್ಲಿ ರಾಬರ್ಟ್ ರೌಶೆನ್‌ಬರ್ಗರ 'ಓಪನ್ ಸ್ಕೋರ್' ಮುಖ್ಯವಾದದ್ದು. ಇಬ್ಬರು ಟೆನಿಸ್ ಆಡುತ್ತಾರೆ. ಚೆಂಡು ತಾಗಿದಾಗಲೆಲ್ಲ ರ‍್ಯಾಕೆಟ್ಟಿನೊಳಗಿನ ಸಾಧನದಿಂದ ಗಂಟೆಯಂಥ ನಾದ ಹೊರಡುತ್ತದೆ. ಸಭಾಂಗಣದ ಒಂದೊಂದೇ ದೀಪ ಆರುತ್ತದೆ. ಪೂರ್ಣ ಕತ್ತಲಾದ ಮೇಲೆ ನೂರಾರು ಜನ ಒಳಗೆ ಬಂದು ನಿಲ್ಲುತ್ತಾರೆ. ಕಣ್ಣಿಗೆ ಅವರು ಕಾಣರು. ಇನ್‌ಫ್ರಾರೆಡ್ ಕ್ಯಾಮೆರಾ ಕಂಡದ್ದು ಮಾತ್ರ ಪರದೆಯ ಮೇಲೆ ಮೂಡುತ್ತದೆ. ನಮ್ಮೆದುರಿಗೇ ಇರುವ ಮನುಷ್ಯರನ್ನು ಯಂತ್ರದ ಕಣ್ಣಿನಿಂದಷ್ಟೇ ನೋಡಬೇಕಾದ ಸ್ಥಿತಿ! ಇಲ್ಲಿ ತಂತ್ರವನ್ನು ತೆಗೆದರೆ ಕೃತಿಯೇ ಇಲ್ಲ. ಉಪಕರಣಗಳು ಕೈಕೊಟ್ಟವು, ಪ್ರೇಕ್ಷಕರು ಕಾದು ಬೇಸತ್ತರು ಎಂಬ ದೂರು ಅಂದು ಕೇಳಿಬಂದದ್ದುಂಟು. ಆದರೂ ಅದರ ಚಿತ್ರಣ, ನಕ್ಷೆ, ಬರಹಗಳು ಉಳಿದಿರುವುದರಿಂದ ಇಂದಿಗೂ ಅದನ್ನು ಚರ್ಚಿಸಬಹುದಾಗಿದೆ.

ನಮ್ಮ ಮುಂಬಯಿಯ ಕಥೆಯೇ ಬೇರೆ. ನೆಹರೂ ಫೆಲೋಶಿಪ್ ದೊರೆತಾಗ ಚಿತ್ರಕಾರ ಅಕ್ಬರ್ ಪದಮ್‌ಸೀ ಆ ಹಣವನ್ನು ತಮ್ಮ ಚಿತ್ರಗಳಿಗಷ್ಟೇ ಬಳಸದೆ, 1969ರಲ್ಲಿ 'ವಿಷನ್ ಎಕ್ಸ್‌ಚೇಂಜ್ ವರ್ಕ್‌ಶಾಪ್' ಎಂಬ ಕಮ್ಮಟವನ್ನು ತೆರೆದರು. ಅಲ್ಲಿ 16 ಮಿಲಿಮೀಟರಿನ ಕ್ಯಾಮೆರಾ ಇತ್ತು, ಕತ್ತಲಕೋಣೆಯಿತ್ತು. ಚಿತ್ರಕಾರರೂ ಚಲನಚಿತ್ರದವರೂ ಅಲ್ಲಿ ಕಲೆತರು. ಆಗಷ್ಟೇ ಜೆ. ಜೆ. ಕಲಾಶಾಲೆಯಿಂದ ಹೊರಬಂದಿದ್ದ ನಳಿನಿ ಮಲಾನಿ ಅಲ್ಲಿಯೇ ಕ್ಯಾಮೆರಾ ಹಿಡಿದರು. ಪದಮ್‌ಸೀ ಸ್ವತಃ 'ಈವೆಂಟ್ಸ್ ಇನ್ ಎ ಕ್ಲೌಡ್ ಚೇಂಬರ್' ಎಂಬ ಪುಟ್ಟ ಚಿತ್ರವನ್ನು ಮಾಡಿದರು. ತಮ್ಮದೇ ತೈಲಚಿತ್ರದ ಭೂದೃಶ್ಯವನ್ನು ಬಣ್ಣದಿಂದಲ್ಲದೆ ಬೆಳಕಿನಿಂದ ಮತ್ತೆ ಕಟ್ಟುವ ಪ್ರಯತ್ನವದು. ಅದಕ್ಕೆ ವಿದ್ಯುನ್ಮಾನ ಸಂಗೀತ ಗೀತಾ ಸಾರಾಭಾಯಿ ಅವರದು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರಿನ ಸ್ಟುಡಿಯೊ ಸ್ಥಾಪಿಸಿದಾಗ ಅಲ್ಲಿ ದುಡಿದ ಭಾರತೀಯರಲ್ಲಿ ಅವರೂ ಒಬ್ಬರು.

ಆ ಚಿತ್ರದ ಗುಣದೋಷವನ್ನು ಇಲ್ಲಿ ಹೇಳಬೇಕಾಗಿತ್ತು. ಹೇಳಲಾರೆ. ಅದರ ಪ್ರತಿ ಕಳೆದುಹೋಗಿದೆ. 2016ರಲ್ಲಿ ಆಶಿಮ್ ಅಹ್ಲುವಾಲಿಯಾ ವೃದ್ಧ ಪದಮ್‌ಸೀ ಅವರ ಜೊತೆಗೂಡಿ ಅದನ್ನು ನೆನಪಿನಿಂದ ಮರಳಿ ಕಟ್ಟಲು ಯತ್ನಿಸಿ ಒಂದು ಚಿತ್ರ ಮಾಡಿದರು. ನಮಗುಳಿದಿರುವುದು ಆ ನೆರಳು. ಕಮ್ಮಟ 1972ರ ಹೊತ್ತಿಗೆ ಮುಗಿಯಿತು. ಅಹಮದಾಬಾದಿನ ಸ್ಟುಡಿಯೊ ಸಹ ಅದೇ ಸುಮಾರಿಗೆ ಮೌನವಾಯಿತು. ಅಲ್ಲಿಯ ಧ್ವನಿಸುರುಳಿಗಳು ದಶಕಗಳ ಕಾಲ ಕಪಾಟಿನಲ್ಲಿದ್ದು, ಪಾಲ್ ಪರ್ಗಸ್ ಎಂಬ ಕಲಾವಿದರ ಶ್ರಮದಿಂದ ಲೋಕದ ಕಿವಿಗೆ ಬಿದ್ದವು. ಪದಮ್‌ಸೀ ಅವರ ಔದಾರ್ಯಕ್ಕೆ ಕೈಮುಗಿಯೋಣ; ಆದರೆ ಫೆಲೋಶಿಪ್ಪಿನ ಆಯುಷ್ಯವೇ ಕಮ್ಮಟದ ಆಯುಷ್ಯವಾದದ್ದು ಅದರ ಕೊರತೆಯೆಂದು ಹೇಳದೆ ವಿಧಿಯಿಲ್ಲ.

ಕರ್ನಾಟಕದತ್ತ ತಿರುಗಿದರೆ, 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಯಶಸ್ ಶೆಟ್ಟಿ ಅವರ ಮಾರ್ಗದರ್ಶನದಲ್ಲಿ ಜೀವವಿಜ್ಞಾನದ ಪ್ರಯೋಗಕ್ಕಿಳಿದರು. ಮೊದಲ ಮಳೆಗೆ ನೆಲದಿಂದೇಳುವ ಪರಿಮಳಕ್ಕೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಬ್ಯಾಕ್ಟೀರಿಯಾದಿಂದ ತಯಾರಿಸಿ, ಅದೇ ವರ್ಷ ಎಂ.ಐ.ಟಿ.ಯ ಐಜೆಮ್ ಸ್ಪರ್ಧೆಗೆ ಒಯ್ದರು. ಸೊಗಸಾದ ಕಲ್ಪನೆ! ಆದರೆ ಮಳೆಯಿಲ್ಲದ ಕೋಣೆಯಲ್ಲಿ ಮಳೆಯ ವಾಸನೆ ಮೂಗಿಗೆ ಬಿದ್ದು, ಗುರುತು ಸಿಕ್ಕಿ, ಬೆರಗಾದ ಮೇಲೆ ಕೃತಿ ಮುಂದಕ್ಕೆ ಹೋಗುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಮಣ್ಣಿನ ವಾಸನೆಯೊಡನೆ ಮಣ್ಣು ಬರಲಿಲ್ಲ.

ಇದಕ್ಕಿಂತ ಹೆಚ್ಚಿನದೆಂದು ನನಗೆ ತೋರುವುದು ಅದೇ ವರ್ಷ ಶೆಟ್ಟಿ ಮತ್ತು ವಿದೇಶದ ಇಬ್ಬರು ಗೆಳೆಯರು ಆರಂಭಿಸಿದ 'ಹ್ಯಾಕ್ಟೀರಿಯಾ' ಬಳಗದ ಒಂದು ಪುಟ್ಟ ಕೈಕೆಲಸ. ಅಗ್ಗದ ವೆಬ್‌ಕ್ಯಾಮಿನ ಮಸೂರವನ್ನು ಬಿಚ್ಚಿ, ತಿರುವುಮುರುವಾಗಿ ಕೂಡಿಸಿದರೆ ಅದೇ ಸೂಕ್ಷ್ಮದರ್ಶಕ! ಕೆರೆಯ ನೀರಿನ ಒಂದು ಹನಿಯಲ್ಲಿ ಓಡಾಡುವ ಜೀವಿಗಳು ಪರದೆಯ ಮೇಲೆ ಕಾಣುತ್ತವೆ. ಮಾಡುವ ವಿಧಾನವನ್ನು ಅವರು ಬಚ್ಚಿಡಲಿಲ್ಲ. ಬರೆದು, ಚಿತ್ರಸಹಿತ ಎಲ್ಲರಿಗೂ ಕೊಟ್ಟರು. ಊರೂರಿನ ಕಮ್ಮಟಗಳಲ್ಲಿ ಜನ ಅದನ್ನು ತಮ್ಮ ಕೈಯಾರೆ ಮಾಡಿಕೊಂಡರು. ಕಲಾಕೃತಿಯೆಂಬ ಹೆಸರು ಅದಕ್ಕೆ ಸಲ್ಲುತ್ತದೆಯೋ ಇಲ್ಲವೋ, ನೋಡುವ ಕಣ್ಣನ್ನು ಬದಲಿಸುವುದು ಕಲೆಯ ಕೆಲಸವಾದರೆ ಆ ಕೆಲಸವನ್ನು ಅದು ಮಾಡಿದೆ. ಮಾಡಿದವರು ನಾಳೆ ಇಲ್ಲದಿದ್ದರೂ ವಿದ್ಯೆ ಇರುತ್ತದೆ.

ಕೃತಿ ಚೆನ್ನಾಗಿರಬೇಕು, ನಿಜ. ಕಮ್ಮಟಕ್ಕೆ ಇನ್ನೊಂದು ಪರೀಕ್ಷೆಯೂ ಇದೆ: ಒಬ್ಬರ ಕೈಗುಣ ಇನ್ನೊಬ್ಬರ ಕೈಗೆ ದಾಟಿತೇ? ದಾಟಿದ್ದಕ್ಕೆ ಬರಹವುಂಟೇ? ಇದರಲ್ಲಿ ನಾವೂ ತೇರ್ಗಡೆಯಾಗಿಲ್ಲ. ನಮ್ಮ ನಾಟಕಗಳ ಕರಪತ್ರಗಳಲ್ಲಿ ಅಧ್ಯಕ್ಷರ ಹೆಸರಿದೆ, ಜಾಹೀರಾತು ಕೊಟ್ಟವರ ಹೆಸರಿದೆ. ಬೆಳಕಿನ ನಕ್ಷೆ ಎಲ್ಲಿಯೂ ಇಲ್ಲ. ಮುಂದಿನ ನಾಟಕದಿಂದಲಾದರೂ ಬೆಳಕು, ಧ್ವನಿ, ರಂಗಸಜ್ಜಿಕೆಯವರು ತಾವು ಮಾಡಿದ್ದನ್ನು ಎರಡು ಪುಟ ಬರೆದುಕೊಡಲಿ, ಈ ಪತ್ರಿಕೆ ಅದನ್ನು ಅಚ್ಚುಮಾಡಲಿ. ಆ ಫಿಟ್ಟರ್ ಮಹಾಶಯರ ಭರಣಿಯನ್ನು ಕಣ್ಣಾರೆ ಕಂಡವರು ಓದುಗರಲ್ಲಿ ಯಾರಾದರೂ ಇದ್ದರೆ, ನೆನಪಿದ್ದಷ್ಟನ್ನು ದಯವಿಟ್ಟು ಬರೆದು ಕಳುಹಿಸಬೇಕು. ನಾನು ಆಗ ಬರೆಯಬೇಕಾಗಿತ್ತು, ಬರೆಯಲಿಲ್ಲ.