ಮಾಗಿದ ಗೆರೆಯನ್ನು ನೋಡಿ ಆರಿಸಿ

ಮೊದಲ ಹಚ್ಚೆಗೆ ಮನಸ್ಸು ಮಾಡಿದವರೆಲ್ಲ ಮೊಬೈಲಿನಲ್ಲಿ ಚಿತ್ರ ಹುಡುಕುವುದರಿಂದ ಶುರು ಮಾಡುತ್ತಾರೆ. ಆ ಚಿತ್ರಗಳಲ್ಲಿ ಬಹುಪಾಲು ಕೆಲಸ ಮುಗಿದ ಕೂಡಲೇ ತೆಗೆದವು. ಆಗ ಚರ್ಮ ಬಿಗಿದು ಊದಿರುತ್ತದೆ, ಶಾಯಿ ಕಪ್ಪಗೆ ಮಿಂಚುತ್ತಿರುತ್ತದೆ, ಕೂದಲೆಳೆಯಷ್ಟು ಸಣ್ಣ ಗೆರೆಯೂ ಚೂಪಾಗಿ ಕಾಣುತ್ತದೆ. ಆ ಹೊತ್ತಿನಲ್ಲಿ ಸಾಧಾರಣ ಕೈಯ ಕೆಲಸವೂ ಚೆಂದವೇ. ಆದರೆ ಅಪ್ಪನ ಸಹಿಯನ್ನೋ ಅಮ್ಮನ ಹೆಸರನ್ನೋ ಮೈಮೇಲೆ ಬರೆಸಿಕೊಂಡವರು ಅದರೊಂದಿಗೆ ಬಾಳಬೇಕಾದದ್ದು ಮೂವತ್ತು ನಲವತ್ತು ವರ್ಷ. ಹಾಗಾಗಿ ಟ್ಯಾಟೂ ಕಲಾವಿದರ ಮುಂದೆ ಮೊದಲು ಇಡಬೇಕಾದ ಕೋರಿಕೆ ಇದು: ‘ಎರಡು ಮೂರು ವರ್ಷ ಹಳೆಯದಾದ ನಿಮ್ಮ ಕೆಲಸ ತೋರಿಸಿ.’

ಇದಕ್ಕೆ ಕಾರಣ ಚರ್ಮದೊಳಗೇ ಇದೆ. ಚರ್ಮದ ಮೇಲ್ಪದರ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತದೆ. ಹಚ್ಚೆ ನಿಲ್ಲುವುದು ಅದರ ಕೆಳಗಿನ ಪದರದಲ್ಲಿ, ಸುಮಾರು ಒಂದರಿಂದ ಎರಡು ಮಿಲಿಮೀಟರ್ ಆಳದಲ್ಲಿ. ಅಲ್ಲಿ ದೇಹದ ಕಾವಲು ಕೋಶಗಳು ಶಾಯಿಯ ಕಣಗಳನ್ನು ನುಂಗಿ ಇಟ್ಟುಕೊಳ್ಳುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟುಹೋದ ಕಣಗಳನ್ನು ಮತ್ತೊಂದು ಎತ್ತಿಕೊಳ್ಳುತ್ತದೆ ಎಂದು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಹಚ್ಚೆ ಹೀಗೆ ಉಳಿಯುತ್ತದೆ, ಆದರೆ ವರ್ಷ ಕಳೆದಂತೆ ಗೆರೆ ತುಸು ಅಗಲವಾಗುತ್ತದೆ. ಸೂಜಿ ತೀರಾ ಮೇಲೆ ಓಡಿದ್ದರೆ ಗೆರೆ ಅಲ್ಲಲ್ಲಿ ಅಳಿಸಿಹೋಗುತ್ತದೆ. ಬೇಕಾದ್ದಕ್ಕಿಂತ ಆಳಕ್ಕೆ ಇಳಿದಿದ್ದರೆ ಶಾಯಿ ಅಕ್ಕಪಕ್ಕ ಹರಡಿ ನೀಲಿ ಮಬ್ಬು ಕಟ್ಟುತ್ತದೆ. ಈ ಆಳದ ಹದ ಕೈಗೆ ಬಂದಿದೆಯೋ ಇಲ್ಲವೋ ಎಂಬುದು ಗಾಯ ಮಾಗಿದ ಮೇಲಷ್ಟೇ ಗೊತ್ತಾಗುವುದು.

ಹಳೆಯ ಕೆಲಸ ನೋಡಲು ಸಿಕ್ಕಾಗ ಇಡೀ ಚಿತ್ರಕ್ಕೆ ಮರುಳಾಗಬೇಡಿ. ಉದ್ದನೆಯ ಗೆರೆಯೊಂದನ್ನು ಆರಿಸಿಕೊಂಡು ತುದಿಯವರೆಗೆ ಕಣ್ಣೋಡಿಸಿ. ದಪ್ಪ ಒಂದೇ ಸಮನಾಗಿದೆಯೇ? ಎರಡು ಗೆರೆ ಕೂಡುವ ಮೂಲೆಯಲ್ಲಿ ಶಾಯಿ ಗಂಟು ಕಟ್ಟಿದೆಯೇ? ಚರ್ಮ ಅಲ್ಲಿ ಉಬ್ಬಿ ಗಾಯದ ಕಲೆಯಾಗಿದೆಯೇ? ನಮ್ಮಂಥ ಕಂದು ಮೈಬಣ್ಣದವರ ಮೇಲೆ ಮಾಡಿದ್ದನ್ನೇ ಕೇಳಿ ನೋಡಿ. ಬಿಳಿ ಮೈಯಲ್ಲಿ ಹೊಳೆಯುವ ಹಳದಿ, ತಿಳಿನೀಲಿ ನಮ್ಮ ಚರ್ಮದಲ್ಲಿ ಮಂಕಾಗುತ್ತವೆ. ಕೆಂಪು ಶಾಯಿಗೆ ಅಲರ್ಜಿಯಾಗುವುದು ಉಳಿದ ಬಣ್ಣಗಳಿಗಿಂತ ಹೆಚ್ಚು. ಮೊದಲ ಹಚ್ಚೆಗೆ ನನ್ನ ಮೆಚ್ಚಿಗೆ ಕಪ್ಪಿಗೇ.

ಮಾಗಿದ ಕೆಲಸದ ಉತ್ತಮ ಪಾಠ ನಮ್ಮ ಊರುಗಳಲ್ಲೇ ಇದೆ. ಹಳ್ಳಿಯ ಅಜ್ಜಿಯರ ಮುಂಗೈ ನೋಡಿ. ಕೊರವಂಜಿಯರು ಎಂದೋ ಸೂಜಿಯಲ್ಲಿ ಚುಚ್ಚಿದ ಚುಕ್ಕಿ, ರಂಗೋಲಿಯ ಎಳೆ, ಚೇಳು ಇಂದು ಹಸಿರುನೀಲಿಗೆ ತಿರುಗಿದ್ದರೂ ಗುರುತು ಹತ್ತುತ್ತವೆ. ಚುಕ್ಕಿಗೂ ಚುಕ್ಕಿಗೂ ನಡುವೆ ಧಾರಾಳ ಜಾಗ ಬಿಟ್ಟದ್ದರಿಂದ ಗೆರೆ ಹರಡಿದರೂ ಚಿತ್ರ ಕಲಸಿಹೋಗಿಲ್ಲ. ಒಳ್ಳೆಯ ಕಲಾವಿದರು ಇಂದೂ ಇದೇ ಲೆಕ್ಕ ಹಾಕುತ್ತಾರೆ. ಬೆರಳಗಲದ ಜಾಗದಲ್ಲಿ ಹೆಸರು, ಹುಟ್ಟಿದ ದಿನ, ನವಿಲುಗರಿ ಎಲ್ಲವನ್ನೂ ಕೇಳಿದರೆ, ‘ದೊಡ್ಡದು ಮಾಡೋಣ, ಇಲ್ಲವೇ ಒಂದನ್ನು ಬಿಡೋಣ’ ಎನ್ನುತ್ತಾರೆ. ಹಾಗೆ ಹೇಳುವವರನ್ನು ಬಿಡಬೇಡಿ.

ಕನ್ನಡದಲ್ಲಿ ಬರೆಸುವವರಿಗೆ ಈ ಮಾತು ಇನ್ನಷ್ಟು ಮುಖ್ಯ. ನಮ್ಮ ಅಕ್ಷರಗಳ ಚೆಲುವು ಅವುಗಳ ಸುರುಳಿ ಮತ್ತು ಒಳಗಿನ ಖಾಲಿ ಜಾಗದಲ್ಲಿದೆ. ಗೆರೆ ಅಗಲವಾದಾಗ ಮೊದಲು ತುಂಬಿಕೊಳ್ಳುವುದೂ ಅದೇ. ಒತ್ತಕ್ಷರವಂತೂ ಮೊದಲೇ ಚಿಕ್ಕದು. ಒತ್ತಕ್ಷರವಿರುವ ಹೆಸರನ್ನು ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿ ಬರೆಸದಿರುವುದು ಕ್ಷೇಮ. ಇನ್ನೊಂದು ಅಪಾಯ ಕಂಪ್ಯೂಟರಿನದು. ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಬಿಡಿಯಾಗಿ ‘ಅಮ್ಮ’ ಎಂಬುದು ‘ಅಮ್‌ಮ’ ಎಂದಾಗಿಬಿಡುತ್ತದೆ. ಕಲಾವಿದರಿಗೆ ಕನ್ನಡ ಓದಲು ಬಾರದಿದ್ದರೆ ಅದು ತಪ್ಪೆಂದು ತಿಳಿಯುವುದೇ ಇಲ್ಲ. ‘ಸುಧಾ’ ಎಂಬ ಹೆಸರಿನಲ್ಲಿ ಧಕಾರದ ಕೆಳಗಿನ ಪುಟ್ಟ ಸೀಳು ಬಿಟ್ಟುಹೋದರೆ ಹೆಸರೇ ಕೆಡುತ್ತದೆ. ಅಮ್ಮನ ಹಳೆಯ ಕಾಗದದಿಂದ ಅವರದೇ ಕೈಬರಹವನ್ನು ಸ್ಕ್ಯಾನ್ ಮಾಡಿಸಿ ಕೊಡುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಸ್ಟೆನ್ಸಿಲ್ ಚರ್ಮಕ್ಕೆ ಅಂಟಿಸಿದ ಮೇಲೆ ಜೊತೆಗೆ ಬಂದವರಿಂದ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿಸಿ. ಕೈ ಇಳಿಬಿಟ್ಟು, ಸಹಜವಾಗಿ ನಿಂತು ನೋಡಿ. ಸೊಟ್ಟ ಕಂಡರೆ ಒರೆಸಿ ಮತ್ತೆ ಹಾಕಿಸಿ. ನಿಜವಾದ ಕಸುಬುದಾರರು ಇದಕ್ಕೆ ಬೇಸರಪಡುವುದಿಲ್ಲ.

ಶುಚಿಯ ವಿಷಯದಲ್ಲಿ ಸಂಕೋಚ ಬೇಡ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರೂ ಸೂಜಿಯಿಂದ ಹರಡಬಲ್ಲವು. ನಮ್ಮ ರಕ್ತನಿಧಿಗಳು ಹಚ್ಚೆ ಹಾಕಿಸಿಕೊಂಡವರಿಂದ 12 ತಿಂಗಳು ರಕ್ತ ಪಡೆಯದಿರುವುದು ಈ ಕಾರಣಕ್ಕೇ. ಮುಚ್ಚಿದ ಪೊಟ್ಟಣದ ಸೂಜಿಯನ್ನು ನಿಮ್ಮೆದುರೇ ಒಡೆಯಬೇಕು, ಅದರ ಮೇಲಿನ ಅವಧಿ ದಿನಾಂಕವನ್ನು ನೀವೇ ಓದಬೇಕು. ಶಾಯಿಯನ್ನು ಒಂದೇ ಸಲಕ್ಕಾಗುವ ಪುಟ್ಟ ಬಟ್ಟಲಿಗೆ ಸುರಿಯಬೇಕು, ಮಿಕ್ಕದ್ದನ್ನು ಬಾಟಲಿಗೆ ಮರಳಿ ಹಾಕಬಾರದು. ಮತ್ತೆ ಬಳಸುವ ಲೋಹದ ಹಿಡಿ ಇದ್ದರೆ ಅದು ಆಟೊಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆಯನ್ನು ದಾಟಿ ಬಂದಿರಬೇಕು. ನಡುವೆ ಫೋನ್ ಮುಟ್ಟಿದರೆ ಕೈಗವಸು ಬದಲಾಗಬೇಕು. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಕಡೆ ಕೂರಬೇಡಿ.

ಒಳ್ಳೆಯವರು ತಾವೇ ನಿಮ್ಮನ್ನು ವಿಚಾರಿಸುತ್ತಾರೆ: ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ, ಹಿಂದೆ ಗಾಯ ಮಾಗಿದ ಕಡೆ ಚರ್ಮ ಗಂಟಾಗಿ ಬೆಳೆದಿತ್ತೇ, ಊಟ ಮಾಡಿ ಬಂದಿದ್ದೀರಾ. ಹದಿನೆಂಟು ತುಂಬದವರನ್ನು ವಾಪಸು ಕಳಿಸುತ್ತಾರೆ. ಬೆರಳು, ಅಂಗೈ, ಪಾದದ ಅಂಚಿನಲ್ಲಿ ಹಚ್ಚೆ ಬೇಗ ಮಾಸುತ್ತದೆಂದು ಮುಂಚೆಯೇ ಎಚ್ಚರಿಸುತ್ತಾರೆ. ಗಾಯ ಮಾಗಿದ ಮೇಲೆ ಮತ್ತೆ ಬರಲು ಹೇಳಿ, ಬಿಟ್ಟುಹೋದ ಗೆರೆಯಿದ್ದರೆ ಟಚ್‌ಅಪ್ ಮಾಡುತ್ತಾರೆ.

ಇಂಥವರು ಹೆಚ್ಚು ಹಣ ಕೇಳಬಹುದು, ವಾರಗಟ್ಟಲೆ ಕಾಯಿಸಲೂಬಹುದು. ಚೌಕಾಶಿಗೆ ಇಳಿಯಬೇಡಿ, ಈಗ ಕೈಯಲ್ಲಿ ಹಣ ಸಾಲದಿದ್ದರೆ ಕೂಡಿಟ್ಟು ಹೋಗಿ. ಕೆಟ್ಟ ಹಚ್ಚೆಯನ್ನು ಲೇಸರ್‌ನಲ್ಲಿ ತೆಗೆಸಲು ಹಲವು ಸಲ ಓಡಾಡಬೇಕು, ನೋವು ಹೆಚ್ಚು, ಖರ್ಚೂ ಹೆಚ್ಚು, ಹಸಿರು ನೀಲಿ ಬಣ್ಣಗಳಂತೂ ಸುಲಭಕ್ಕೆ ಜಗ್ಗುವುದಿಲ್ಲ. ಅಮ್ಮನ ಹೆಸರು ಈ ವರ್ಷವೇ ಮೈಮೇಲೆ ಬರಬೇಕೆಂಬ ಅವಸರವೇನಿಲ್ಲ. ಹಳೆಯ ಕೆಲಸವನ್ನು ಅಳುಕಿಲ್ಲದೆ ತೋರಿಸುವ ಕೈ ಸಿಗುವ ತನಕ ಹುಡುಕಿ. ಸಿಕ್ಕ ಮೇಲೆ ನಂಬಿ ತೋಳು ಚಾಚಿ.